ಜೈಲು ವಾರ್ಡರ್ ಕೆಲ್ಸಕ್ಕೆ ಅರ್ಜಿ ಹಾಕೋರಿಗೆ ಒಳಗಿನ ಕೆಲ್ಸ ಏನಂತ ಮೊದ್ಲು ಹೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರ್‌ನ ಉದ್ಯೋಗ ಪುಟ ನಾನು ತಪ್ಪದೆ ಓದ್ತೀನಿ, ವಿಜಯನಗರದಲ್ಲಿ ಕಾಂಪಿಟೇಟಿವ್ ಎಕ್ಸಾಮ್‌ಗೆ ಓದ್ತಿರೋ ನಮ್ಮಂಥೋರು ಬೆಳಗ್ಗೆ ಲೈಬ್ರರಿಗೆ ಹೋದ ತಕ್ಷಣ ಮೊದ್ಲು ತೆಗೆಯೋದೇ ಆ ಪುಟ. ಪೊಲೀಸ್ ಕಾನ್‌ಸ್ಟೇಬಲ್, ಎಫ್‌ಡಿಎ, ಎಸ್‌ಡಿಎ, ಪಿಡಿಒ ಎಲ್ಲದ್ರ ಬಗ್ಗೆನೂ ಕಟ್ ಆಫ್ ಎಷ್ಟಾಗಬಹುದು, ಯಾವ ಸಬ್ಜೆಕ್ಟ್‌ಗೆ ಹೇಗೆ ಓದ್ಬೇಕು, ಕೆಲ್ಸಕ್ಕೆ ಸೇರಿದ್ಮೇಲೆ ಜವಾಬ್ದಾರಿ ಏನು ಅಂತ ಎಷ್ಟೊಂದು ಬರುತ್ತೆ, ಆದ್ರೆ ಕಾರಾಗೃಹ ಇಲಾಖೆ ವಾರ್ಡರ್ ಹುದ್ದೆ ಅಂತ ಬಂದಾಗ ಮಾತ್ರ ವಿದ್ಯಾರ್ಹತೆ, ವಯಸ್ಸು, ಎತ್ತರ, ಫೀಸು, ಕೊನೇ ದಿನಾಂಕ ಇಷ್ಟು ಹಾಕಿ ಮುಗಿಸಿಬಿಡ್ತಾರೆ. ನಿಮ್ಮ ಪೇಪರ್ ಒಂದೇ ಅಲ್ಲ, ಎಲ್ರೂ ಹಾಗೇನೇ. ಸರ್ಕಾರದ ನೋಟಿಫಿಕೇಶನ್‌ನಲ್ಲೂ ಅಷ್ಟೇ, ಗೇಟ್ ಒಳಗೆ ಹೋದ್ಮೇಲೆ ನಾವು ಮಾಡ್ಬೇಕಿರೋ ಕೆಲ್ಸ ಏನು ಅಂತ ಅರ್ಥ ಆಗೋ ಹಾಗೆ ಎಲ್ಲೂ ಇರಲ್ಲ. ನಾನು ಈ ಕೆಲ್ಸಕ್ಕೆ ಹಾಕ್ಬೇಕು ಅಂತಿದೀನಿ, ಅದೂ ಬೇರೆ ಯಾವ್ದೂ ಸಿಗದೆ ಇದ್ರೆ ಇರ್ಲಿ ಅಂತಲ್ಲ, ಇದೇ ಬೇಕು ಅಂತ ಯೋಚ್ನೆ ಮಾಡ್ತಿದೀನಿ, ಅದಕ್ಕೇ ಈ ಪತ್ರ ಬರೀತಿರೋದು, ಸ್ವಲ್ಪ ಉದ್ದ ಆಗುತ್ತೆ, ಜಾಗ ಮಾಡ್ಕೊಡಿ.

ಜೈಲ್ ವಾರ್ಡರ್‌ಗೆ ಹಾಕ್ತೀನಿ ಅಂದ್ರೆ ಜನ ಹೇಳೋದು ಎರಡೇ ಮಾತು. ಒಂದು, ಹೆಣ್ಮಗು ನೀನು ಅಂಥ ಜಾಗಕ್ಕೆ ಯಾಕಮ್ಮ ಹೋಗ್ತೀಯ, ನಾಳೆ ಗಂಡು ನೋಡೋಕೆ ಬಂದೋರಿಗೆ ಏನಂತ ಹೇಳೋದು ಅಂತ. ಇನ್ನೊಂದು, ಒಳ್ಳೇದು ಬಿಡು, ಅಲ್ಲಿ ಮೇಲ್ಸಂಪಾದನೆ ಚೆನ್ನಾಗಿದೆಯಂತೆ ಅಂತ. ಎರಡನೇ ಮಾತು ಹೇಳೋರು ನಗ್ತಾ ಹೇಳ್ತಾರೆ, ನನಗೆ ಮಾತ್ರ ಹೊಟ್ಟೆ ಉರಿಯುತ್ತೆ. ಇಷ್ಟು ಓದಿ, ರನ್ನಿಂಗ್ ಪ್ರಾಕ್ಟೀಸ್ ಮಾಡಿ, ಅಮ್ಮನ ದುಡ್ಡಲ್ಲಿ ರೂಮ್ ಬಾಡಿಗೆ ಕಟ್ಟಿ ಒಂದು ಹುದ್ದೆಗೆ ಹೋಗೋಳು ಕದಿಯೋಕೆ ಹೋಗ್ತಾಳೆ ಅಂತ ಮೊದ್ಲೇ ತೀರ್ಮಾನ ಮಾಡ್ಬಿಟ್ಟಿರ್ತಾರಲ್ಲ. ಜೊತೆಗೆ ಓದೋ ಹುಡುಗ್ರಿಗೂ ಇದು ಸೆಕೆಂಡ್ ಆಪ್ಶನ್, ಪಿಸಿ ಆಗ್ಲಿಲ್ಲ ಅಂದ್ರೆ ವಾರ್ಡರ್, ಹೇಗೂ ಖಾಕಿ ತಾನೇ ಅಂತಾರೆ. ಖಾಕಿ ಹೌದು, ಆದ್ರೆ ಪೊಲೀಸ್ ಅಲ್ಲ. ಮೇಲಿನ ಹುದ್ದೆಗಳಲ್ಲಿ ಐಪಿಎಸ್ ಅಧಿಕಾರಿಗಳು ಇರ್ತಾರೆ ನಿಜ, ಆದ್ರೆ ಕಾರಾಗೃಹಗಳು ಮತ್ತು ಸುಧಾರಣಾ ಸೇವೆಗಳ ಇಲಾಖೆ ಬೇರೆ, ಕೆಲ್ಸಾನೂ ಬೇರೆ. ವಾರ್ಡರ್ ಯಾರನ್ನೂ ಅರೆಸ್ಟ್ ಮಾಡಲ್ಲ, ತನಿಖೆ ಮಾಡಲ್ಲ, ಕೈದಿಗಳನ್ನ ಕೋರ್ಟ್‌ಗೆ ಕರ್ಕೊಂಡು ಹೋಗಿ ಬರೋ ಎಸ್ಕಾರ್ಟ್ ಕೂಡ ಸಿಟಿಯಲ್ಲಿ ಸಶಸ್ತ್ರ ಮೀಸಲು ಪೊಲೀಸ್ರದ್ದು. ಪೊಲೀಸಿನವ್ರು ಆರೋಪಿ ಜೊತೆ ಸ್ವಲ್ಪ ದಿನ ಇರ್ತಾರೆ, ವಾರ್ಡರ್ ಆದೋರು ಅದೇ ಮನುಷ್ಯರ ಜೊತೆ ದಿನಾ ಬೆಳಗ್ಗೆ ಸಂಜೆ ವರ್ಷಗಟ್ಲೆ ಇರ್ಬೇಕು. ಇದು ಗೊತ್ತಿಲ್ದೆ ಹೋದೋರು ಒಳಗೆ ಹೋಗಿ ಕಂಗಾಲಾಗ್ತಾರೆ.

ನನಗೆ ಇಷ್ಟಾದ್ರೂ ಗೊತ್ತಿರೋದು ನಮ್ಮ ಸೋದರಮಾವನಿಂದ. ಅವ್ರು ರಾಜ್ಯದ ಒಂದು ಸೆಂಟ್ರಲ್ ಜೈಲಲ್ಲಿ ಹೆಡ್ ವಾರ್ಡರ್ ಆಗಿ ರಿಟೈರ್ ಆದೋರು, ಯಾವ ಜೈಲು ಅಂತ ಬೇಡ. ಸರ್ವಿಸ್‌ನಲ್ಲಿದ್ದಾಗ ಮನೇಲಿ ಜೈಲಿನ ವಿಷ್ಯ ಎತ್ತಿದ್ರೆ ಎದ್ದು ಹೊರಗೆ ಹೋಗ್ತಿದ್ರಂತೆ. ನಾನು ಈ ಕೆಲ್ಸಕ್ಕೆ ಹಾಕ್ಬೇಕು ಅಂತಿದೀನಿ ಮಾವ ಅಂದ್ಮೇಲೆ ಒಂದಿನ ಕೂರಿಸ್ಕೊಂಡು, "ನೋಡು ಪುಟ್ಟಿ, ಸೇರೋದಾದ್ರೆ ಎಲ್ಲಾ ತಿಳ್ಕೊಂಡು ಸೇರು, ಆಮೇಲೆ ಬಂದು ನನ್ನ ಬೈಬೇಡ" ಅಂತ ಶುರು ಮಾಡಿದ್ರು.

ದಿನದ ಕೆಲ್ಸ ಶುರು ಆಗೋದೂ ಮುಗಿಯೋದೂ ಎಣಿಕೆಯಿಂದ. ಬೆಳಗ್ಗೆ ಬ್ಯಾರಕ್ ಬೀಗ ತೆಗೆಯೋ ಮುಂಚೆ ಎಣಿಸ್ಬೇಕು, ಸಂಜೆ ಲಾಕಪ್ ಮಾಡೋವಾಗ ಎಣಿಸ್ಬೇಕು, ಮಧ್ಯಾಹ್ನ ಎಣಿಸ್ಬೇಕು. ಇಬ್ಬಿಬ್ಬರನ್ನ ಸಾಲಾಗಿ ಕೂರಿಸಿ ಲೆಕ್ಕ ಹಾಕ್ತಾರೆ, ಕೋರ್ಟಿಗೆ ಹೋಗಿ ಇನ್ನೂ ಬರ್ದೇ ಇರೋರು, ವಿಕ್ಟೋರಿಯಾಗೋ ನಿಮ್ಹಾನ್ಸ್‌ಗೋ ಕಳ್ಸಿರೋರು, ಅಡುಗೆಮನೇಲಿ ಇರೋರು, ಪರೋಲ್ ಮೇಲೆ ಹೋಗಿರೋರು, ಇವತ್ತು ಹೊಸದಾಗಿ ಬಂದೋರು, ಬೇಲ್ ಮೇಲೆ ಹೋದೋರು, ಎಲ್ಲ ಕೂಡಿ ಕಳೆದು ರಿಜಿಸ್ಟರ್ ಜೊತೆ ಟ್ಯಾಲಿ ಆಗ್ಬೇಕು, ಒಂದು ತಲೆ ಹೆಚ್ಚುಕಮ್ಮಿ ಬಂದ್ರೆ ಮತ್ತೆ ಮೊದ್ಲಿಂದ. ಟ್ಯಾಲಿ ಆಗೋ ತನಕ ಆ ಶಿಫ್ಟ್‌ನೋರು ಯಾರೂ ಮನೆಗೆ ಹೋಗೋ ಹಾಗಿಲ್ಲ, ಮಗು ಜ್ವರ ಬಂದು ಮಲಗಿದ್ರೂ ಅಷ್ಟೇ. ಇದರ ಮಧ್ಯೆ ಹೊಸ ಅಡ್ಮಿಶನ್ ಬಂದ್ರೆ ವಾರಂಟ್ ಓದ್ಬೇಕು, ಮೈಮೇಲಿನ ಗುರುತು ಬರ್ಕೋಬೇಕು, ಗಾಯ ಇದ್ರೆ ಡಾಕ್ಟರ್ ಮುಂದೆ ನಿಲ್ಲಿಸಿ ಅದನ್ನ ದಾಖಲೆ ಮಾಡಿಸ್ಬೇಕು, ಇಲ್ಲಾಂದ್ರೆ ನಾಳೆ ಆ ಗಾಯ ಜೈಲಲ್ಲೇ ಆಗಿದ್ದು ಅಂತ ಆಗುತ್ತೆ. ಮುಲಾಖಾತ್, ಅಂದ್ರೆ ಮನೆಯೋರು ಭೇಟಿಗೆ ಬರೋ ಟೈಮಲ್ಲಿ ಹೊರಗೆ ಅಳ್ತಾ ನಿಂತಿರೋ ಹೆಂಡ್ತಿಯರು, ಒಳಗೆ ಹೆಸರು ಯಾವಾಗ ಕೂಗ್ತಾರೋ ಅಂತ ಕಾಯೋ ಗಂಡಂದ್ರು. ಆಮೇಲೆ ರಾತ್ರಿ ಬೀಟ್. ಮಾವ ಹೇಳೋದು, ಜೈಲಲ್ಲಿ ಗಲಾಟೆಗೆ ಹೆದರಬೇಕಿಲ್ಲ, ಯಾವತ್ತೂ ಮಾತಾಡೋ ಬ್ಯಾರಕ್ ಇದ್ದಕ್ಕಿದ್ದ ಹಾಗೆ ಸುಮ್ನಾದ್ರೆ ಆವಾಗ ಹುಷಾರಾಗಿರ್ಬೇಕು, ಅದನ್ನ ಯಾವ ಬುಕ್ಕಲ್ಲೂ ಕಲ್ಸಲ್ಲ ಅಂತ.

ಒಳಗಿರೋರು ಯಾರು ಅನ್ನೋದು ಜನಕ್ಕೆ ಗೊತ್ತೇ ಇಲ್ಲ, ನನಗೂ ಓದೋ ತನಕ ಗೊತ್ತಿರ್ಲಿಲ್ಲ. ಎನ್‌ಸಿಆರ್‌ಬಿ, ಅಂದ್ರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಅಂಕಿಅಂಶ ತೆಗೆದು ನೋಡಿ, ದೇಶದ ಜೈಲುಗಳಲ್ಲಿ 5.7 ಲಕ್ಷಕ್ಕೂ ಹೆಚ್ಚು ಜನ ಇದ್ರು, ಇರೋ ಜಾಗ 4.36 ಲಕ್ಷ ಜನಕ್ಕೆ, ಅಂದ್ರೆ ನೂರು ಜನ ಇರ್ಬೇಕಾದ ಕಡೆ 131 ಜನ. ಅವ್ರಲ್ಲಿ ನೂರಕ್ಕೆ ಸುಮಾರು 75 ಜನ ವಿಚಾರಣಾಧೀನ ಕೈದಿಗಳು, ತಪ್ಪು ಮಾಡಿದ್ದಾರೆ ಅಂತ ಯಾವ ಕೋರ್ಟೂ ಇನ್ನೂ ಹೇಳಿಲ್ಲದೇ ಇರೋರು. ಅಂದ್ರೆ ವಾರ್ಡರ್ ಬೀಗ ಹಾಕೋ ನಾಲ್ಕು ಜನರಲ್ಲಿ ಮೂರು ಜನ ನಾಳೆ ನಿರಪರಾಧಿ ಅಂತಾನೂ ಹೊರಗೆ ಹೋಗಬಹುದು. ಇದನ್ನ ತಲೇಲಿ ಇಟ್ಕೊಂಡು ಕೆಲ್ಸಕ್ಕೆ ಬಂದೋರು ಮಾತಾಡೋ ರೀತೀನೇ ಬೇರೆ ಇರುತ್ತೆ, ಇವ್ರೆಲ್ಲ ಕಳ್ರು ಕೊಲೆಗಾರ್ರು ಅಂದ್ಕೊಂಡು ಬಂದೋರು ಮಾತಾಡೋದೇ ಬೇರೆ.

ಇನ್ನೊಂದು ಮುಖ್ಯವಾದ ವಿಷ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 479ನೇ ಸೆಕ್ಷನ್ ಇದೆ. ಮರಣದಂಡನೆ, ಜೀವಾವಧಿ ಇರೋ ಕೇಸುಗಳನ್ನ ಬಿಟ್ಟು, ಒಂದು ಅಪರಾಧಕ್ಕೆ ಇರೋ ಗರಿಷ್ಠ ಶಿಕ್ಷೆಯ ಅರ್ಧ ಕಾಲ ಜೈಲಲ್ಲೇ ಕಳೆದ ವಿಚಾರಣಾಧೀನ ಕೈದೀನ, ಹಿಂದೆ ಯಾವ ಕೇಸಲ್ಲೂ ಶಿಕ್ಷೆ ಆಗಿಲ್ಲದೋರಾದ್ರೆ ಮೂರನೇ ಒಂದು ಭಾಗ ಕಳೆದೋರನ್ನ, ಬಿಡ್ಬೇಕು ಅಂತ ಅದು ಹೇಳುತ್ತೆ, ಅವರ ಮೇಲೆ ಬೇರೆ ಕೇಸುಗಳು ಬಾಕಿ ಇದ್ರೆ ಇದು ಅನ್ವಯ ಆಗಲ್ಲ. ಆ ಟೈಮ್ ಮುಗಿದ ಕೂಡ್ಲೇ ಕೋರ್ಟ್‌ಗೆ ಲಿಖಿತ ಅರ್ಜಿ ಕೊಡ್ಬೇಕಾದ್ದು ಯಾರು ಗೊತ್ತಾ, ಜೈಲ್ ಸೂಪರಿಂಟೆಂಡೆಂಟ್. ಅಂದ್ರೆ ಒಬ್ಬ ಬಡವ ಹೊರಗೆ ಬರೋದು ಬಿಡೋದು ಜೈಲ್ ಆಫೀಸಲ್ಲಿ ಯಾರೋ ಒಬ್ರು ಅವನ ದಿನಗಳನ್ನ ಸರಿಯಾಗಿ ಲೆಕ್ಕ ಇಟ್ಟಿದ್ದಾರಾ ಇಲ್ವಾ ಅನ್ನೋದ್ರ ಮೇಲೆ ನಿಂತಿದೆ. ವಕೀಲರನ್ನ ಇಡೋಕೆ ದುಡ್ಡಿಲ್ದೆ ಇರೋನಿಗೆ ಜೈಲಿನ ಸಿಬ್ಬಂದೀನೇ ಮೊದ್ಲ ದಾರಿ. ಕೋಚಿಂಗ್ ಸೆಂಟರಲ್ಲಿ ಈ ಸೆಕ್ಷನ್ ನಂಬರ್ ಬಾಯಿಪಾಠ ಮಾಡಿಸ್ತಾರೆ, ನಾಳೆ ಇದು ನಿಮ್ಮ ಕೈಲಿರೋ ಕೆಲ್ಸ ಅಂತ ಒಬ್ರೂ ಹೇಳಲ್ಲ. ನನಗೆ ಈ ಹುದ್ದೆ ಮೇಲೆ ಮನಸ್ಸಾಗಿದ್ದೇ ಇದನ್ನ ಓದಿದ್ಮೇಲೆ.

ಈಗ ಕಷ್ಟದ ಮಾತು. ಕೇಂದ್ರ ಗೃಹ ಸಚಿವಾಲಯದ 2016ರ ಮಾದರಿ ಕಾರಾಗೃಹ ಕೈಪಿಡಿ ಪ್ರಕಾರ ಆರು ಕೈದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ ಇರ್ಬೇಕು. ಕೇಳೋಕೆ ಚೆನ್ನಾಗಿದೆ. 600 ಕೈದಿಗಳಿರೋ ಜೈಲಿಗೆ 100 ಜನ ಅಂತಿಟ್ಕೊಳ್ಳಿ, ಅದನ್ನ ಮೂರು ಶಿಫ್ಟ್‌ಗೆ ಹಂಚಿ, ವೀಕ್ಲಿ ಆಫ್, ರಜೆ, ಹುಷಾರಿಲ್ದೋರು, ಗೇಟು, ಟವರ್, ಆಸ್ಪತ್ರೆ, ಆಫೀಸ್ ಡ್ಯೂಟಿ ಎಲ್ಲಾ ಕಳೆದ್ರೆ ಒಂದು ಹೊತ್ತಿಗೆ ಬ್ಯಾರಕ್ ಹತ್ರ ನಿಲ್ಲೋಕೆ ಎಷ್ಟು ಜನ ಉಳೀತಾರೆ ಅಂತ ಯಾರು ಬೇಕಾದ್ರೂ ಲೆಕ್ಕ ಹಾಕ್ಬೋದು. ಅದೂ ಎಲ್ಲಾ ಹುದ್ದೆ ಭರ್ತಿ ಆಗಿದ್ರೆ. ದೇಶದ ಜೈಲುಗಳಲ್ಲಿ ಮಂಜೂರಾದ ಹುದ್ದೆಗಳಲ್ಲೇ ನೂರಕ್ಕೆ ಸುಮಾರು 30 ಖಾಲಿ. ಪರಪ್ಪನ ಅಗ್ರಹಾರದಂಥ ಜೈಲಲ್ಲಿ ಐದು ಸಾವಿರದ ಆಸುಪಾಸು ಜನ ಇರ್ತಾರೆ, ಒಂದು ದೊಡ್ಡ ಹೋಬಳಿ ಊರನ್ನೇ ಗೋಡೆ ಒಳಗೆ ಇಟ್ಟ ಹಾಗೆ. ಅಷ್ಟು ಜನರ ಮಧ್ಯೆ ಕೈಲಿ ಒಂದು ಲಾಠಿ, ಒಂದು ವಿಷಲ್ ಇಟ್ಕೊಂಡು ನಿಲ್ಲೋ ಇಪ್ಪತ್ತೆರಡು ವರ್ಷದ ಹುಡುಗನ್ನ ಕಲ್ಪಿಸ್ಕೊಳ್ಳಿ. ಅವನು ಆ ಬ್ಯಾರಕ್ ನಡೆಸೋದು ಬಲದಿಂದ ಸಾಧ್ಯಾನೇ ಇಲ್ಲ, ಮಾತಿಂದಾನೇ ನಡೆಸ್ಬೇಕು. ಮಾತು ಬರ್ದೇ ಇದ್ರೆ ಅಲ್ಲಿನ ದಾದಾಗಳು ನಡೆಸ್ತಾರೆ, ಇವನು ಬೀಗದ ಕೈ ಹಿಡ್ಕೊಂಡು ಸುಮ್ನೆ ನಿಂತಿರ್ತಾನೆ.

ದುಡ್ಡಿನ ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ ಎಲ್ರೂ ಕೇಳೋದು ಅದೇ. ಮಾವ ಹೇಳಿದ್ದನ್ನ ಹಾಗೇ ಬರೀತೀನಿ. ಯಾವ ಹೊಸ ವಾರ್ಡರ್ ಹತ್ರಾನೂ ಮೊದಲ್ನೇ ದಿನ ಬಂದು ಮೊಬೈಲ್ ತಂದ್ಕೊಡು ಅಂತ ಯಾರೂ ಕೇಳಲ್ಲ. ಮೊದ್ಲು ಒಬ್ಬ ಬಂದು, ಸಾರ್ ನಮ್ಮಮ್ಮನಿಗೆ ಹುಷಾರಿಲ್ಲ, ಒಂದು ನಂಬರ್ ಕೊಡ್ತೀನಿ, ನಾನು ಚೆನ್ನಾಗಿದೀನಿ ಅಂತ ಹೇಳ್ಬಿಡಿ ಸಾಕು ಅಂತಾನೆ. ಪಾಪ ಅನ್ನಿಸುತ್ತೆ, ಫೋನ್ ಮಾಡ್ತೀರ. ಆಮೇಲೆ ಒಂದು ಕಟ್ಟು ಬೀಡಿ. ಆಮೇಲೆ ನಿಮ್ಮ ಮಗಳ ನಾಮಕರಣಕ್ಕೆ ಮನೆ ಬಾಗ್ಲಿಗೇ ಯಾರೋ ಬಂದು ಒಂದು ಕವರ್ ಕೊಟ್ಟು ಹೋಗ್ತಾರೆ, ಅಣ್ಣ ಕಳ್ಸಿದ್ರು ಅಂತ. ನಿಮ್ಮ ಮನೆ ಎಲ್ಲಿ ಅಂತ ಅವರಿಗೆ ಹೇಗೆ ಗೊತ್ತಾಯ್ತು ಅಂತ ಆವತ್ತು ರಾತ್ರಿ ನಿದ್ದೆ ಬರಲ್ಲ. ಅದಾದ್ಮೇಲೆ ಕೇಳೋದು ಸಿಮ್ಮು, ಆಮೇಲೆ ಮೊಬೈಲು, ಆಮೇಲೆ ಗಾಂಜಾ, ಇಲ್ಲ ಅಂದ್ರೆ ಹಿಂದೆ ಮಾಡಿದ್ದನ್ನೆಲ್ಲ ಸಾಹೇಬ್ರಿಗೆ ಹೇಳ್ತೀನಿ ಅಂತ. ಇಷ್ಟೇ ಸರ್. ಶುರು ಆಗೋದು ಕರುಣೆಯಿಂದ, ಬಹಳ ಸಲ. ಅದಕ್ಕೆ ಮಾವ ಹೇಳೋ ಮದ್ದು ಕೂಡ ಸಿಂಪಲ್, ಅಮ್ಮನಿಗೆ ಹುಷಾರಿಲ್ಲ ಅಂದ್ರೆ ಜೈಲ್ ಫೋನಿಂದ ಮಾತಾಡೋಕೆ ಬರ್ದು ಕೊಡಿಸು, ವೆಲ್ಫೇರ್ ಆಫೀಸರ್ ಹತ್ರ ಕರ್ಕೊಂಡ್ಹೋಗು, ಏನು ಸಹಾಯ ಮಾಡಿದ್ರೂ ರಿಜಿಸ್ಟರಲ್ಲಿ ಬರೋ ಹಾಗೆ ಮಾಡು, ನಿನ್ನ ಜೇಬಿಂದ ಮಾಡ್ಬೇಡ ಅಂತ. ಕೆಲ್ಸಕ್ಕೆ ಸೇರೋ ಮೊದಲ್ನೇ ವಾರದಲ್ಲೇ ಈ ಪಾಠ ಪ್ರತಿಯೊಬ್ಬರಿಗೂ ಹೇಳ್ಬೇಕಿತ್ತು. ಯಾರು ಹೇಳ್ತಾರೆ, ಸೇರಿದ ಹುಡುಗರು ಸಸ್ಪೆಂಡ್ ಆಗಿ ಪೇಪರಲ್ಲಿ ಬಂದ್ಮೇಲೆ ನಮಗೆ ಗೊತ್ತಾಗುತ್ತೆ.

2024ರ ಆಗಸ್ಟ್‌ನಲ್ಲಿ ಪರಪ್ಪನ ಅಗ್ರಹಾರದ ಒಳಗೆ ನಟ ದರ್ಶನ್ ಸಿಗರೇಟ್ ಹಿಡ್ಕೊಂಡು ಕೂತಿದ್ದ ಆ ಫೋಟೋ ಹೊರಗೆ ಬಂದಾಗ ನಿಮ್ಮ ಪೇಪರಲ್ಲೂ ದಿನಗಟ್ಲೆ ಅದೇ ಸುದ್ದಿ. ಹಲವು ಸಿಬ್ಬಂದಿ ಸಸ್ಪೆಂಡ್ ಆದ್ರು. ಮರುವರ್ಷ ಆಗಸ್ಟ್ 14ಕ್ಕೆ ಸುಪ್ರೀಂ ಕೋರ್ಟ್, ಜೈಲಲ್ಲಿ ಆರೋಪಿಗಳಿಗೆ ಫೈವ್ ಸ್ಟಾರ್ ಸವಲತ್ತು ಸಿಗ್ತಿದೆ ಅಂತ ಗೊತ್ತಾದ್ರೆ ಮೊದ್ಲು ಸೂಪರಿಂಟೆಂಡೆಂಟ್‌ನ ಸಸ್ಪೆಂಡ್ ಮಾಡ್ತೀವಿ ಅಂತ ಎಚ್ಚರಿಕೆ ಕೊಡ್ತು. ಸರೀನೇ ಅದು, ತಪ್ಪು ಮಾಡಿದೋರಿಗೆ ಶಿಕ್ಷೆ ಆಗ್ಲೇಬೇಕು, ಅದ್ರಲ್ಲಿ ನನಗೆ ಎರಡು ಮಾತಿಲ್ಲ. ಆದ್ರೆ ಜೈಲು ಅಂದ್ರೆ ವಿಐಪಿ, ಜೈಲು ಅಂದ್ರೆ ಬಿರಿಯಾನಿ, ಜೈಲು ಅಂದ್ರೆ ಮೊಬೈಲು, ಬರೀ ಇದೇ ಬರ್ತಿದ್ರೆ ಒಳ್ಳೇ ಮನಸ್ಸಿರೋ ಹುಡುಗ ಹುಡುಗೀರು ಆ ಕಡೆ ತಲೆ ಹಾಕ್ತಾರಾ? ಆ ಕೆಲ್ಸಕ್ಕೆ ಯಾರು ಹೋಗ್ಬಾರ್ದೋ ಅವ್ರಿಗೇ ಇದು ಜಾಹೀರಾತು ಆಗುತ್ತೆ.

ಹೆಣ್ಮಕ್ಕಳ ಬ್ಯಾರಕ್ ಬಗ್ಗೆ ಹೇಳ್ದೆ ಮುಂದೆ ಹೋಗಲ್ಲ, ನಾನು ಹೋಗೋದಾದ್ರೆ ಅಲ್ಲಿಗೇ. ದೇಶದ ಕೈದಿಗಳಲ್ಲಿ ಹೆಂಗಸರು ನೂರಕ್ಕೆ ನಾಲ್ಕು ಜನ ಅಷ್ಟೇ, ಅದಕ್ಕೇ ಇರ್ಬೇಕು ಅವರ ಬಗ್ಗೆ ಯಾರೂ ಯೋಚ್ನೆ ಮಾಡಲ್ಲ. ನಮ್ಮಲ್ಲಿ ತುಮಕೂರಲ್ಲಿ ಮಹಿಳಾ ಕಾರಾಗೃಹ ಇದೆ, ಬೆಂಗಳೂರಲ್ಲಿ ಪ್ರತ್ಯೇಕ ವಿಭಾಗ ಇದೆ. ಗಂಡಸು ಜೈಲಿಗೆ ಹೋದ್ರೆ ಹೆಂಡ್ತಿ ಬರ್ತಾಳೆ, ತಾಯಿ ಬರ್ತಾಳೆ, ಚೀಲದಲ್ಲಿ ಬಟ್ಟೆ ತರ್ತಾಳೆ, ಹೆಂಗಸು ಹೋದ್ರೆ ಗಂಡನ ಮನೆಯೋರೂ ಬರಲ್ಲ ತವರಿನೋರೂ ಬರಲ್ಲ, ಮುಲಾಖಾತ್ ದಿನಾನೂ ಅವ್ರಿಗೆ ಬರೀ ದಿನಾನೇ. ಇದು ಮಾವನ ಜೊತೆ ಕೆಲ್ಸ ಮಾಡಿದ್ದ ಒಬ್ರು ಮಹಿಳಾ ವಾರ್ಡರ್ ಅಕ್ಕ ನನಗೆ ಹೇಳಿದ್ದು. ತಾಯಿ ಜೊತೆ ಆರು ವರ್ಷದ ತನಕ ಮಗು ಒಳಗೆ ಇರಬಹುದು, ಅಂಥ ಮಕ್ಕಳಿಗೆ ಊಟ, ಆಟ, ಓದು, ಆಸ್ಪತ್ರೆ ಹೇಗಿರ್ಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಆರ್.ಡಿ. ಉಪಾಧ್ಯಾಯ್ ಕೇಸಲ್ಲಿ ವಿವರವಾಗಿ ಹೇಳಿದೆ. ಆ ಅಕ್ಕ ಹೇಳ್ತಿದ್ರು, ಜೈಲಲ್ಲೇ ಬೆಳೆದ ಒಂದು ಮಗೂನ ಸ್ಕೂಲಿಗೆ ಸೇರಿಸೋಕೆ ಕರ್ಕೊಂಡು ಹೋದಾಗ ರಸ್ತೇಲಿ ನಾಯಿ, ಬಸ್ಸು ನೋಡಿ ಅವರ ಸೀರೆ ಬಿಡ್ಲೇ ಇಲ್ವಂತೆ. ಆ ಮಗುಗೆ ಹೊರಗಿನ ಪ್ರಪಂಚ ಮೊದ್ಲು ತೋರಿಸಿದ್ದು ಒಬ್ರು ವಾರ್ಡರ್. ಗಂಡು ನೋಡೋಕೆ ಬಂದೋರಿಗೆ ಏನಂತ ಹೇಳೋದು ಅಂತ ನಮ್ಮಮ್ಮ ಕೇಳ್ತಾರಲ್ಲ, ಇದನ್ನ ಹೇಳಿ ಅಂತೀನಿ ನಾನು.

ಮನಸ್ಸಿನ ಆರೋಗ್ಯದ ವಿಷ್ಯ ಇದಕ್ಕಿಂತ ದೊಡ್ಡದು. ನಿಮ್ಹಾನ್ಸ್ ಡಾಕ್ಟರ್‌ಗಳು ಇದೇ ಬೆಂಗಳೂರು ಸೆಂಟ್ರಲ್ ಜೈಲಲ್ಲಿ ಐದು ಸಾವಿರಕ್ಕೂ ಹೆಚ್ಚು ಕೈದಿಗಳನ್ನ ನೋಡಿ ಮಾಡಿದ ಅಧ್ಯಯನ 2011ರಲ್ಲಿ ಬಂತು, ಮಾನಸಿಕ ಕಾಯಿಲೆ, ಕುಡಿತ, ತಂಬಾಕು, ಬೇರೆ ಚಟಗಳು ಜೈಲೊಳಗೆ ಎಷ್ಟಿದೆ ಅಂತ ಅದು ತೋರಿಸ್ತು. ಜೈಲುಗಳಲ್ಲಿ ಆಗೋ ಅಸಹಜ ಸಾವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಆತ್ಮಹತ್ಯೆ ಅಂತ ಎನ್‌ಸಿಆರ್‌ಬಿ ವರ್ಷ ವರ್ಷವೂ ಹೇಳ್ತಿದೆ. 500 ಕೈದಿಗಳಿಗೆ ಒಬ್ರು ಮನಶ್ಶಾಸ್ತ್ರಜ್ಞರು ಇರ್ಬೇಕು ಅಂತ ಕೈಪಿಡೀಲಿ ಇದೆ, ಅಷ್ಟು ಜನ ನಮ್ಮ ದೇಶದ ಜೈಲುಗಳಲ್ಲಿ ಎಲ್ಲಿದ್ದಾರೆ. ಹಾಗಾಗಿ ಹೊಸದಾಗಿ ಬಂದು ಊಟ ಬಿಟ್ಟು ಗೋಡೆ ಕಡೆ ಮುಖ ಮಾಡಿ ಕೂತೋನನ್ನ ಮೊದ್ಲು ನೋಡೋದು ವಾರ್ಡರೇ, ಆ ರಾತ್ರಿ ಅವನನ್ನ ಒಬ್ಬನೇ ಬಿಡಬಾರ್ದು ಅಂತ ತೀರ್ಮಾನ ಮಾಡ್ಬೇಕಾದ್ದೂ ವಾರ್ಡರೇ. ಹಗ್ಗದಿಂದ ಇಳಿಸೋ ಕೆಲ್ಸಾನೂ ಅವರ ಪಾಲಿಗೇ ಬರುತ್ತೆ. ಮಾವ ಅಂಥದ್ದು ನೋಡಿದಾರೆ, ಎಷ್ಟು ಅಂತ ನಾನು ಕೇಳ್ಲಿಲ್ಲ. ಮರುದಿನ ಬೆಳಗ್ಗೆ ಮತ್ತೆ ಡ್ಯೂಟಿ, ಮತ್ತೆ ಎಣಿಕೆ, ಯಾರೂ ಅವರನ್ನ ಕೂರಿಸಿ ಹೇಗಿದ್ದೀಯಪ್ಪ ಅಂತ ಕೇಳಲ್ಲ. ನಮ್ಮತ್ತೆ ಹೇಳ್ತಾರೆ, ರಿಟೈರ್ ಆದ್ಮೇಲೂ ಇವ್ರು ರಾತ್ರಿ ಎದ್ದು ಮನೆ ಬಾಗಿಲ ಚಿಲಕ ಎಳೆದು ಎಳೆದು ನೋಡ್ತಾರೆ ಅಂತ. ಕೈದಿಗಳಿಗೆ ಕೌನ್ಸೆಲಿಂಗ್ ಬೇಕು ಅಂತ ಎಲ್ರೂ ಹೇಳ್ತಾರೆ, ಸಿಬ್ಬಂದಿಗೂ ಬೇಕು ಅಂತ ನಾನು ಹೇಳ್ತೀನಿ.

ಒಂದು ಹಳೇ ಪತ್ರದ ವಿಷ್ಯ ಹೇಳ್ಬೇಕು. ಬೆಂಗಳೂರು ಸೆಂಟ್ರಲ್ ಜೈಲಲ್ಲಿದ್ದ ರಾಮಮೂರ್ತಿ ಅನ್ನೋ ಕೈದಿ ಸುಪ್ರೀಂ ಕೋರ್ಟ್‌ನ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದ್ರು, ಕೋರ್ಟ್ ಅದನ್ನೇ ರಿಟ್ ಅರ್ಜಿ ಅಂತ ತಗೊಂಡು 1996ರ ಡಿಸೆಂಬರ್‌ನಲ್ಲಿ ತೀರ್ಪು ಕೊಡ್ತು. ಜೈಲಲ್ಲಿ ಜನ ತುಂಬಿ ತುಳುಕೋದು, ವಿಚಾರಣೆ ತಡ ಆಗೋದು, ಹಿಂಸೆ, ಆರೋಗ್ಯ, ಊಟ ಬಟ್ಟೆ, ಒಳಗಿನ ದುರಭ್ಯಾಸಗಳು, ಮನೆಯೋರ ಸಂಪರ್ಕ, ಮುಲಾಖಾತ್, ಬಯಲು ಬಂದೀಖಾನೆ ಅಂತ ಒಂಬತ್ತು ಸಮಸ್ಯೆ ಗುರುತಿಸಿ, 1894ರ ಬ್ರಿಟಿಷರ ಕಾಲದ ಜೈಲು ಕಾಯ್ದೆ ಬದಲಾಯಿಸಿ ಅಂತ ಹೇಳ್ತು. ಇಡೀ ದೇಶದ ಜೈಲು ಸುಧಾರಣೆ ಬಗ್ಗೆ ಮಾತಾಡೋರೆಲ್ಲ ಇವತ್ತಿಗೂ ಎತ್ತಿ ಹೇಳೋ ತೀರ್ಪು ನಮ್ಮೂರಿನ ಜೈಲಿಂದ ಹೋದ ಒಂದು ಪತ್ರದಿಂದ ಬಂದಿದ್ದು, ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಆ ಒಂಬತ್ತರಲ್ಲಿ ಒಂದೊಂದನ್ನೂ ಓದ್ತಾ ಹೋದಾಗ ನನಗೆ ಅನ್ನಿಸಿದ್ದು ಇಷ್ಟು, ಬಿಲ್ಡಿಂಗ್ ಕಟ್ಟೋದು, ಕಾಯ್ದೆ ತರೋದು ಸರ್ಕಾರದ ಕೆಲ್ಸ, ಆದ್ರೆ ಹಿಂಸೆ ಆಗ್ದೆ ಇರೋದು, ಊಟ ಸರಿಯಾಗಿ ಹಂಚೋದು, ಕಾಯಿಲೆ ಬಿದ್ದೋನನ್ನ ಟೈಮಿಗೆ ಡಾಕ್ಟರ್ ಹತ್ರ ಕಳ್ಸೋದು, ಮನೆಯಿಂದ ಬಂದ ಕಾಗದ ತಲುಪಿಸೋದು, ಇದೆಲ್ಲ ಕೊನೆಗೆ ಬ್ಯಾರಕ್ ಬಾಗಿಲಲ್ಲಿ ನಿಂತಿರೋ ವಾರ್ಡರ್ ಮೇಲೆ ಇದೆ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಜೈಲಲ್ಲಿ ಜಾತಿ ನೋಡಿ ಕೆಲ್ಸ ಹಂಚೋದು, ಬ್ಯಾರಕ್ ಹಂಚೋದು ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿದೆ. ಕಸಗುಡಿಸೋಕೆ ಇವನು, ಅಡುಗೆಗೆ ಅವನು ಅಂತ ಬೆರಳು ತೋರಿಸೋರು ಯಾರು? ಡ್ಯೂಟೀಲಿ ಇರೋ ಮನುಷ್ಯ ತಾನೇ. ಆ ತೀರ್ಪು ಅವನಿಗೆ ಓದೋಕೆ ಕನ್ನಡದಲ್ಲಿ ಯಾರಾದ್ರೂ ಕೊಟ್ಟಿದ್ದಾರಾ ಅಂತ ನನ್ನ ಪ್ರಶ್ನೆ.

ಒಳ್ಳೇದೂ ಇದೆ, ಬಹಳ ಇದೆ. ರಂಗಕರ್ಮಿ ಹುಲುಗಪ್ಪ ಕಟ್ಟೀಮನಿ ಅವ್ರು ಜೀವಾವಧಿ ಕೈದಿಗಳಿಂದ ನಾಟಕ ಆಡ್ಸಿದ್ದು ರಾಜ್ಯಕ್ಕೇ ಗೊತ್ತು, ಕೊಲೆ ಕೇಸಲ್ಲಿ ಒಳಗಿದ್ದೋರು ಹೊರಗಿನ ರಂಗಮಂದಿರದಲ್ಲಿ ಜನರ ಮುಂದೆ ಪಾತ್ರ ಮಾಡಿ ಮತ್ತೆ ಜೈಲಿಗೆ ವಾಪಸ್ ಹೋಗಿದ್ದಾರೆ, ಅವರ ಜೊತೆ ಹೋಗಿ ಜೊತೆ ಬಂದ ಸಿಬ್ಬಂದಿಯ ಧೈರ್ಯ ಎಂಥದ್ದು ಅಂತ ಯೋಚ್ನೆ ಮಾಡಿ. ಪರಪ್ಪನ ಅಗ್ರಹಾರದಲ್ಲಿ ಬೇಕರಿ ಇದೆ, ಕೆಲ್ಸ ಮಾಡೋರಿಗೆ ಕೂಲಿ ದಿನಕ್ಕೆ ಐನೂರು ರೂಪಾಯಿಗೂ ಮೇಲೆ ಆಗಿದೆ, ಒಳಗಿಂದಾನೇ ಮನೆಗೆ ದುಡ್ಡು ಕಳ್ಸೋರಿದ್ದಾರೆ. ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆ ಇದೆ, ನಮ್ಮ ಸಿಟಿ ಕೋರಮಂಗಲ ಅಲ್ಲ, ಅದು ಬೇರೆ ಊರು, ಅಲ್ಲಿ ಒಳ್ಳೇ ನಡತೆಯ ಕೈದಿಗಳು ಹೊಲದಲ್ಲಿ ದುಡೀತಾರೆ. ಇಂಥ ಕಡೆ ಕೆಲ್ಸ ಮಾಡೋಕೆ ನನಗೆ ಆಸೆ ಇದೆ.

ಸಂಬಳದ ಬಗ್ಗೆ ಎರಡೇ ಮಾತು, ರಾಜ್ಯದ 7ನೇ ವೇತನ ಆಯೋಗ 2024ರ ಆಗಸ್ಟ್ 1ರಿಂದ ಜಾರಿಯಾಗಿ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನಾನೇ 27,000 ಆಗಿದೆ, ಅದಕ್ಕೆ ಡಿಎ ಎಚ್‌ಆರ್‌ಎ ಸೇರುತ್ತೆ, ಸಾಲ ಮಾಡ್ದೆ ಬದುಕೋರಿಗೆ ಸಾಕು. ಬೆಂಗಳೂರಲ್ಲಿ ಕ್ವಾರ್ಟರ್ಸ್ ಸಿಗ್ದೇ ಹೊರಗೆ ಬಾಡಿಗೆ ಕಟ್ಟೋರಿಗೆ ಕಷ್ಟ ಇದೆ. ಹಬ್ಬಕ್ಕೆ ರಜೆ ಅನ್ನೋದನ್ನ ಮರೀಬೇಕು.

ಈಗ ನನ್ನ ಕೋರಿಕೆ. ಬೆಂಗಳೂರಲ್ಲಿ ಜನಸಾಮಾನ್ಯರು ಒಳಗೆ ಹೋಗಿ ನೋಡಬಹುದಾದ ಜೈಲು ಅಂದ್ರೆ ಫ್ರೀಡಂ ಪಾರ್ಕ್ ಒಂದೇ, ಎಮರ್ಜೆನ್ಸಿ ಕಾಲದಲ್ಲಿ ವಾಜಪೇಯಿ, ಅಡ್ವಾಣಿ ಇದ್ದ ಹಳೇ ಸೆಂಟ್ರಲ್ ಜೈಲು. ನಾನು ಹೋಗಿ ಆ ಸೆಲ್‌ಗಳನ್ನ, ವಾಚ್ ಟವರ್‌ನ ನೋಡ್ಕೊಂಡು ಬಂದೆ, ಆದ್ರೆ ಖಾಲಿ ಸೆಲ್ ನೋಡಿ ಈ ಕೆಲ್ಸ ಅರ್ಥ ಆಗಲ್ಲ. ಅದಕ್ಕೆ ಇಲಾಖೆ ಒಂದು ಏರ್ಪಾಡು ಮಾಡ್ಬೇಕು. ಆಯ್ಕೆ ಪಟ್ಟೀಲಿ ಹೆಸರು ಬಂದೋರಿಗೆ ಆದೇಶ ಕೈಗೆ ಕೊಡೋ ಮುಂಚೆ ಒಂದು ದಿನ, ಬೆಳಗಿನ ಅನ್‌ಲಾಕ್‌ನಿಂದ ಸಂಜೆ ಲಾಕಪ್ ತನಕ ಒಂದು ಜೈಲಿನ ಒಳಗೆ ಹಿರಿಯ ಹೆಡ್ ವಾರ್ಡರ್ ಜೊತೆ ನಿಲ್ಲಿಸಿ. ಆಗಲ್ಲ ಅನ್ನಿಸಿದೋರು ಆವತ್ತೇ ವಾಪಸ್ ಹೋಗ್ಲಿ, ಅವರ ಜಾಗಕ್ಕೆ ವೇಟಿಂಗ್ ಲಿಸ್ಟ್‌ನೋರು ಬರ್ಲಿ. ನೋಟಿಫಿಕೇಶನ್‌ನಲ್ಲೇ ಶಿಫ್ಟ್ ಹೇಗಿರುತ್ತೆ, ಯಾವ ಯಾವ ಡ್ಯೂಟಿ ಇರುತ್ತೆ, ಕೈದಿಗಳ ಹಕ್ಕು ಏನು, ಸಿಬ್ಬಂದಿ ಏನು ಮಾಡಿದ್ರೆ ಅಪರಾಧ ಅಂತ ಸರಳ ಕನ್ನಡದಲ್ಲಿ ಎರಡು ಪುಟ ಸೇರಿಸಿ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳಲ್ಲಿ, ಜೈಲು ಸಿಬ್ಬಂದೀನ ಡ್ಯೂಟಿಗೆ ಹಾಕೋ ಮುಂಚೆ ತರಬೇತಿ ಕೊಡ್ಲೇಬೇಕು ಅಂತ ಸ್ಪಷ್ಟವಾಗಿದೆ. ಅಧಿಕಾರಿಗಳಿಗೆ ವೆಲ್ಲೂರಲ್ಲಿ 1979ರಿಂದ ಅಕಾಡೆಮಿ ಇದೆ, ನಮ್ಮ ರಾಜ್ಯದೋರೂ ಅಲ್ಲಿಗೆ ಹೋಗ್ತಾರೆ, ಅದೇ ಗಂಭೀರತೆ ತಳಮಟ್ಟದ ವಾರ್ಡರ್ ತರಬೇತಿಗೂ ಬರ್ಲಿ, ಪೆರೇಡ್ ಜೊತೆಗೆ ಮಾತಾಡೋದನ್ನ, ಆತ್ಮಹತ್ಯೆಯ ಲಕ್ಷಣ ಗುರುತಿಸೋದನ್ನ, 479ರ ಲೆಕ್ಕ ಇಡೋದನ್ನ, ಬಲೆಗೆ ಬೀಳ್ದೆ ಸಹಾಯ ಮಾಡೋದನ್ನ ಕಲ್ಸಲಿ. ಇದೆಲ್ಲಕ್ಕಿಂತ ಮೊದ್ಲು ಖಾಲಿ ಇರೋ ಹುದ್ದೆ ತುಂಬ್ಲಿ, ಎಂಥ ಒಳ್ಳೇ ತರಬೇತಿ ಕೊಟ್ರೂ ಡಬಲ್ ಶಿಫ್ಟ್ ಮಾಡಿ ನಿದ್ದೆಗೆಟ್ಟೋನಿಗೆ ತಾಳ್ಮೆ ಎಲ್ಲಿಂದ ಬರ್ಬೇಕು.

ನಿಮ್ಮ ಹತ್ರ ಕೇಳ್ಕೊಳ್ಳೋದು, ಉದ್ಯೋಗ ಪುಟದಲ್ಲಿ ಒಂದು ಸಲ, ಒಂದೇ ಸಲ, ರಿಟೈರ್ ಆದ ವಾರ್ಡರ್‌ಗಳನ್ನ, ಅದ್ರಲ್ಲೂ ಮಹಿಳಾ ವಾರ್ಡರ್‌ಗಳನ್ನ ಮಾತಾಡ್ಸಿ ಅವರ ಕೆಲ್ಸದ ಬಗ್ಗೆ ಪೂರ್ತಿ ಪುಟ ಬರೀರಿ. ಈಗ ಹಳದಿ ಮೆಟ್ರೋದಲ್ಲಿ ಹೊಸ ರೋಡ್ ಸ್ಟೇಷನ್‌ನಲ್ಲಿ ಇಳಿದ್ರೆ ಪರಪ್ಪನ ಅಗ್ರಹಾರ ಹತ್ರಾನೇ, ನಿಮ್ಮ ವರದಿಗಾರ್ರು ವಿಐಪಿ ಬಂದಾಗ ಗೇಟ್ ಮುಂದೆ ಕ್ಯಾಮೆರಾ ಇಟ್ಕೊಂಡು ನಿಲ್ಲೋದು ಹೇಗೂ ಇದ್ದೇ ಇದೆ, ಶಿಫ್ಟ್ ಮುಗಿಸಿ ಆಚೆ ಬರೋ ಸಿಬ್ಬಂದೀನೂ ಒಂದಿನ ಮಾತಾಡ್ಸಲಿ. ಇಲಾಖೆಯೋರು ಇದನ್ನ ಓದಿದ್ರೆ, ಆ ಒಂದು ದಿನದ ಏರ್ಪಾಡು ಮಾಡೋಕೆ ಆಗುತ್ತಾ ಇಲ್ವಾ ಅಂತ ನಿಮ್ಮ ಪತ್ರಿಕೆ ಮೂಲಕಾನೇ ಉತ್ತರ ಕೊಡ್ಲಿ. ನೋಟಿಫಿಕೇಶನ್ ಬಂದ್ರೆ ನಾನಂತೂ ಹಾಕ್ತೀನಿ, ಅಮ್ಮನ್ನ ಒಪ್ಪಿಸೋ ಕೆಲ್ಸ ಮಾವ ವಹಿಸ್ಕೊಂಡಿದ್ದಾರೆ.

ಮಾವ ಪೆನ್ಷನ್‌ದಾರರು, ಅವರಿಗೆ ತೊಂದ್ರೆ ಆಗ್ಬಾರ್ದು, ದಯವಿಟ್ಟು ನನ್ನ ಹೆಸರು ಹಾಕ್ಬೇಡಿ.

ಇಂತಿ,
ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ,
ವಿಜಯನಗರ, ಬೆಂಗಳೂರು